ಹಸಿದ ಅಮೀಬಾಗಳಲ್ಲಿ ದಂಟಾಗುವುದು ಯಾರು, ಬೀಜಕವಾಗುವುದು ಯಾರು?

ನೇತ್ರಾವತಿ ದಂಡೆ (ಮಂಗಳೂರು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ವಿದ್ಯಾರ್ಥಿನಿ. ಪ್ರಾಜೆಕ್ಟ್‌ಗೆ ಸ್ಲೈಮ್ ಮೋಲ್ಡ್ ತೆಗೆದುಕೊಂಡಿದ್ದೇನೆ, ಹಸಿದಾಗ ಗುಂಪು ಸೇರುವ ಮಣ್ಣಿನ ಅಮೀಬಾಗಳು. ಹೆಬ್ರಿ ಹತ್ತಿರ ನೆಂಟರ ಮನೆ ಹಿಂದಿನ ಹಾಡಿಯಿಂದ ತರಗೆಲೆ ಅಡಿಯ ಮಣ್ಣು ತಂದೆ. ಅದನ್ನು ನೀರಲ್ಲಿ ಕದಡಿ, ಒಣಹುಲ್ಲು ಕುದಿಸಿದ ನೀರಿನಿಂದ ಮಾಡಿದ ಅಗಾರ್ ಮೇಲೆ ಇ. ಕೋಲಿ ಬ್ಯಾಕ್ಟೀರಿಯಾ ಜೊತೆ ಹರಡಿ ಇಟ್ಟೆ. ಕೆಲವು ದಿನಗಳಲ್ಲಿ ಬ್ಯಾಕ್ಟೀರಿಯಾದ ಬಿಳಿ ಪದರದಲ್ಲಿ ಅಲ್ಲಲ್ಲಿ ದುಂಡಗೆ ಖಾಲಿ ಜಾಗ ಕಾಣಿಸಿತು. ಅಮೀಬಾಗಳು ತಿಂದು ಮುಗಿಸಿದ ಜಾಗ ಅದು.

ಆಮೇಲೆ ಆಗಿದ್ದನ್ನು ಎಷ್ಟು ಸಲ ನೋಡಿದರೂ ಸಾಕಾಗುವುದಿಲ್ಲ. ಅಷ್ಟು ಹೊತ್ತು ತಮ್ಮ ಪಾಡಿಗೆ ತಾವು ಓಡಾಡಿಕೊಂಡಿದ್ದ ಅಮೀಬಾಗಳು ಸಾಲು ಕಟ್ಟಿ ಒಂದು ಕಡೆಗೆ ಹರಿಯತೊಡಗಿದವು. ಸಾಲುಗಳು ಸೇರಿ ಸಣ್ಣ ಗುಡ್ಡೆ ಆಯಿತು, ಗುಡ್ಡೆಗೆ ಒಂದು ತುದಿ ಮೂಡಿತು, ಅದು ಮಲಗಿ ಹುಳದ ಹಾಗೆ ತೆವಳಿತು, ಕೊನೆಗೆ ಎದ್ದು ನಿಂತು ತೆಳು ದಂಟು, ದಂಟಿನ ತಲೆಯಲ್ಲಿ ನೇರಳೆ ಬಣ್ಣದ ಪುಟ್ಟ ಉಂಡೆ. ತೆವಳುವಾಗ ಹಿಂದೆ ಒಂದು ಸಪೂರ ಎಳೆ ಬಿಟ್ಟುಕೊಂಡೇ ಹೋಗುತ್ತದೆ. ಅದು ಎಂತದು ಅಂತ ಗೊತ್ತಾಗಲಿಲ್ಲ.

ನನ್ನ ಪ್ರಶ್ನೆ ಎರಡು. ಮೊದಲನೆಯದು, ಸೇರುವುದಕ್ಕೆ ಕರೆ ಕೊಡುವುದು ಯಾರು? ಕ್ಲಾಸಿನಲ್ಲಿ ಕೆಲವರು ನಾಯಕ ಕೋಶ ಅಂತ ಒಂದು ಇರುತ್ತದೆ ಅನ್ನುತ್ತಾರೆ. ಎರಡನೆಯದೇ ನನ್ನನ್ನು ಜಾಸ್ತಿ ಕಾಡುವುದು. ಹುಳದ ಹಾಗೆ ತೆವಳುವ ಆ ಗುಂಪಿಗೆ ಸ್ಲಗ್ ಅನ್ನುತ್ತಾರೆ, ಅದರ ಮುಂದಿನ ಐದನೇ ಒಂದು ಭಾಗ ದಂಟಾಗಿ ಸಾಯುತ್ತದೆ, ಹಿಂದಿನ ಐದನೇ ನಾಲ್ಕು ಭಾಗ ತಲೆಯ ಉಂಡೆಯಲ್ಲಿ ಬೀಜಕವಾಗಿ (ಸ್ಪೋರ್) ಬದುಕುತ್ತದೆ ಅಂತ ಪುಸ್ತಕದಲ್ಲಿದೆ. ಒಂದೇ ಅಮೀಬಾದಿಂದ ಬೆಳೆಸಿದರೂ, ಅಂದರೆ ಎಲ್ಲದರ ಡಿಎನ್‌ಎ ಒಂದೇ ಆಗಿದ್ದರೂ ಹೀಗೇ ಆಗುತ್ತದಂತೆ. ಹಾಗಾದರೆ ನೀನು ಸಾಯಿ, ನೀನು ಬದುಕು ಅಂತ ಹೇಳುವುದು ಯಾರು? ಗುಡ್ಡೆ ಸಣ್ಣದಾದರೂ ದೊಡ್ಡದಾದರೂ ಈ 20ಕ್ಕೆ 80ರ ಲೆಕ್ಕ ಹೇಗೆ ಉಳಿಯುತ್ತದೆ?

ಕಾರ್ಕಳ ತೋಟ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಸ್ಲೈಮ್ ಮೋಲ್ಡ್ ಅಂದರೆ ಮಳೆಗಾಲದಲ್ಲಿ ಸೌದೆ ರಾಶಿ ಮೇಲೆ, ಕೊಳೆತ ತೆಂಗಿನ ಮರದ ತುಂಡಿನ ಮೇಲೆ ರಾತ್ರಿ ಬೆಳಗಾಗುವುದರೊಳಗೆ ಹಳದಿಯಾಗಿ ಉಕ್ಕಿ ಬರುತ್ತದಲ್ಲ, ಅದೇ ಅಲ್ವಾ? ಆಟಿ ತಿಂಗಳಲ್ಲಿ ನಮ್ಮಲ್ಲಿ ಯಾವಾಗಲೂ ಉಂಟು. ದನಕರುಗಳಿಗೆ ಏನಾದರೂ ಆಗುತ್ತದಾ ಅಂತ ಮನೆಯಲ್ಲಿ ಹೆದರುತ್ತಾರೆ.

ಹಳೇ ಮೈಕ್ರೋಸ್ಕೋಪ್ (ಉಡುಪಿ):

ಮೊದಲು ತೋಟದವರಿಗೆ. ನೀವು ಹೇಳುವ ಹಳದಿ ಹೆಚ್ಚಾಗಿ ಫುಲಿಗೋ ಸೆಪ್ಟಿಕಾ. ಹೆದರಬೇಡಿ ಮಾರಾಯ್ರೆ, ಅದು ಕೊಳೆತ ಮರದ ಬ್ಯಾಕ್ಟೀರಿಯಾ ತಿಂದುಕೊಂಡು ಇರುತ್ತದೆ. ಒಂದೆರಡು ದಿನದಲ್ಲಿ ಒಣಗಿ ಒಳಗೆ ಕಪ್ಪು ಹುಡಿ ಆಗುತ್ತದೆ, ಅದೇ ಅದರ ಬೀಜಕ. ಆದರೆ ಇವರ ಪ್ಲೇಟಿನಲ್ಲಿರುವುದು ಬೇರೆ ಬಳಗ. ನಿಮ್ಮ ಹಳದಿ ಪೂರ್ತಿ ಒಂದೇ ಕೋಶ, ಒಳಗೆ ಗೋಡೆಯೇ ಇಲ್ಲದೆ ಅಸಂಖ್ಯ ನ್ಯೂಕ್ಲಿಯಸ್‌ಗಳು. 2000ದಲ್ಲಿ ಜಪಾನಿನ ನಕಗಾಕಿ ತಂಡ ಜಟಿಲ ದಾರಿಯೊಳಗೆ ಬಿಟ್ಟು, ಅದು ಎರಡು ಕಡೆಯ ಆಹಾರದ ನಡುವೆ ಹತ್ತಿರದ ದಾರಿ ಹಿಡಿಯುತ್ತದೆ ಅಂತ ತೋರಿಸಿದ ಫೈಸಾರಮ್ ಕೂಡ ಆ ಬಳಗದ್ದೇ. ಇವರದ್ದು ಡಿಕ್ಟಿಯೊಸ್ಟೀಲಿಯಂ ಬಳಗ. ಇಲ್ಲಿ ಒಂದೊಂದು ಅಮೀಬಾವೂ ಬೇರೆ ಬೇರೆ. ಹಸಿವಾದಾಗ ಮಾತ್ರ ಒಟ್ಟಿಗೆ ಸೇರುತ್ತವೆ, ಸೇರಿದ ಮೇಲೂ ಒಂದೊಂದರ ಪೊರೆ ಹಾಗೇ ಇರುತ್ತದೆ.

ಈಗ ಮೊದಲ ಪ್ರಶ್ನೆಗೆ. ಸೇರುವುದಕ್ಕೆ ಒಂದು ರಾಸಾಯನಿಕ ಕಾರಣ ಅಂತ 1947ರಲ್ಲಿ ಜಾನ್ ಟೈಲರ್ ಬಾನರ್ ತೋರಿಸಿದರು. ಅಮೀಬಾಗಳ ಮೇಲೆ ನಿಧಾನವಾಗಿ ನೀರು ಹರಿಸಿದಾಗ, ಗುಂಪಿನ ಕೆಳಹರಿವಿನಲ್ಲಿದ್ದವು ಮಾತ್ರ ಅದರ ಕಡೆ ತಿರುಗಿದವು, ಮೇಲ್ಹರಿವಿನವಕ್ಕೆ ಗೊತ್ತೇ ಆಗಲಿಲ್ಲ. ಹಾಗಾದರೆ ಏನೋ ಒಂದು ನೀರಲ್ಲಿ ಕರಗಿ ಬರುತ್ತಿದೆ ಅಂತ ಆಯಿತಲ್ಲ. ಈ ಬಳಗದ ಡಿಕ್ಟಿಯೊಸ್ಟೀಲಿಯಂ ಡಿಸ್ಕಾಯ್ಡಿಯಂ ಅನ್ನುವ ಜಾತಿಯಲ್ಲಿ ಅದು ಸೈಕ್ಲಿಕ್ ಎಎಂಪಿ ಅಂತ ಗೊತ್ತಾಗಿದ್ದು ಇಪ್ಪತ್ತು ವರ್ಷದ ನಂತರ, 1967ರಲ್ಲಿ. ನಮ್ಮ ಕೋಶಗಳ ಒಳಗೆ ಹಾರ್ಮೋನ್‌ನ ಸುದ್ದಿ ಮುಟ್ಟಿಸುವ ಅದೇ ಅಣು. ಇಲ್ಲಿ ಅದು ಕೋಶದ ಹೊರಗೆ ಬಂದು ಪಕ್ಕದ ಕೋಶವನ್ನು ಕರೆಯುತ್ತದೆ.

ಬರೀ ಒಂದು ಕಡೆಯಿಂದ ವಾಸನೆ ಹರಡಿದಂತಲ್ಲ ಇದು. ಹಸಿದ ಅಮೀಬಾ ಸುಮಾರು ಆರು ನಿಮಿಷಕ್ಕೊಮ್ಮೆ ಸೈಕ್ಲಿಕ್ ಎಎಂಪಿಯನ್ನು ಉಗುಳುತ್ತದೆ. ಪಕ್ಕದ್ದಕ್ಕೆ ಅದು ತಾಗಿದ ಕೂಡಲೇ ಎರಡು ಕೆಲಸ ಆಗುತ್ತದೆ. ಬಂದ ದಿಕ್ಕಿಗೆ ಸ್ವಲ್ಪ ಸರಿಯುತ್ತದೆ, ಜೊತೆಗೆ ತಾನೂ ಉಗುಳುತ್ತದೆ. ಹಾಗೆ ಸುದ್ದಿ ಹೊರಗೆ ಹೊರಗೆ ಹೋಗುತ್ತದೆ, ಕೋಶಗಳು ಒಳಗೆ ಒಳಗೆ ಬರುತ್ತವೆ. ಉಗುಳಿದ ಮೇಲೆ ಕೆಲವು ನಿಮಿಷ ಆ ಕೋಶಕ್ಕೆ ಯಾವ ಕರೆಯೂ ಕೇಳುವುದಿಲ್ಲ. ನಮ್ಮ ಗುಡ್ಡೆಗಳಲ್ಲಿ ಮಾರ್ಚ್ ಹೊತ್ತಿಗೆ ಮುಳಿಹುಲ್ಲಿಗೆ ಬೆಂಕಿ ಬೀಳುತ್ತದಲ್ಲ, ಬೆಂಕಿಯ ಗೆರೆ ಮುಂದಕ್ಕೇ ಹೋಗುತ್ತದೆ ಹೊರತು ಸುಟ್ಟ ಜಾಗಕ್ಕೆ ಹಿಂದೆ ಬರುವುದಿಲ್ಲ, ಎರಡು ಕಡೆಯ ಬೆಂಕಿ ಎದುರುಬದುರಾದರೆ ಅಲ್ಲೇ ಆರಿಹೋಗುತ್ತದೆ, ಇದೂ ಹಾಗೇ. ಒಂದೇ ವ್ಯತ್ಯಾಸ, ಇಲ್ಲಿ ಹುಲ್ಲು ನಿಮಿಷಗಳಲ್ಲಿ ಮತ್ತೆ ಚಿಗುರುತ್ತದೆ, ಅದಕ್ಕೇ ಅಲೆಯ ಹಿಂದೆ ಅಲೆ. ಜೊತೆಗೆ ಹೊರಗಿನ ಸೈಕ್ಲಿಕ್ ಎಎಂಪಿಯನ್ನು ಒಡೆಯುವ ಎಂಜೈಮನ್ನೂ ಅಮೀಬಾಗಳೇ ಬಿಡುತ್ತವೆ. ಅದು ಇಲ್ಲದಿದ್ದರೆ ಎಲ್ಲ ಕಡೆಯೂ ಒಂದೇ ಮಟ್ಟ ತುಂಬಿ ದಿಕ್ಕೇ ತಿಳಿಯುತ್ತಿರಲಿಲ್ಲ.

ಮೈಕ್ರೋಸ್ಕೋಪಿನಲ್ಲಿ ಡಾರ್ಕ್ ಫೀಲ್ಡ್ (ಹಿನ್ನೆಲೆ ಕಪ್ಪಾಗಿರುವ) ಬೆಳಕು ಹಾಕಿ ಸಣ್ಣ ಪವರ್‌ನಲ್ಲಿ ನೋಡಿ. ಸರಿಯುತ್ತಿರುವ ಕೋಶ ಉದ್ದ ಆಗಿರುತ್ತದೆ, ನಿಂತದ್ದು ದುಂಡಗೆ ಇರುತ್ತದೆ, ಬೆಳಕು ಚೆಲ್ಲುವ ರೀತಿ ಬೇರೆ. ಹಾಗಾಗಿ ಉಂಗುರ, ಸುರುಳಿ ಎಲ್ಲ ಬರಿಗಣ್ಣಿಗೆ ಸಿಕ್ಕಿದಷ್ಟು ಚೆನ್ನಾಗಿ ಕಾಣುತ್ತವೆ. ಅಲೆ ಎಲ್ಲೋ ತುಂಡಾದರೆ ಆ ತುದಿ ಸುತ್ತಿಕೊಂಡು ಸುರುಳಿ ಆಗುತ್ತದೆ. ಸುರುಳಿ ಉಂಗುರಕ್ಕಿಂತ ಬೇಗ ಬೇಗ ಅಲೆ ಕಳಿಸುವುದರಿಂದ ಪಕ್ಕದ ಉಂಗುರಗಳ ಜಾಗವನ್ನೂ ನಿಧಾನಕ್ಕೆ ತನ್ನದು ಮಾಡಿಕೊಳ್ಳುತ್ತದೆ.

ಸುರತ್ಕಲ್ ಗಣಿತ:

ನಾಯಕ ಕೋಶದ ಬಗ್ಗೆ ಹೇಳಲೇಬೇಕು. ಇದಕ್ಕೆ ದೊಡ್ಡ ಕಥೆ ಇದೆ. ಬಹಳ ಕಾಲ ಜೀವಶಾಸ್ತ್ರದವರು ಹುಡುಕುತ್ತಿದ್ದುದು ಅದನ್ನೇ, ಮೊದಲು ಕೂಗುವ ವಿಶೇಷ ಕೋಶವನ್ನು. 1970ರಲ್ಲಿ ಎವೆಲಿನ್ ಫಾಕ್ಸ್ ಕೆಲ್ಲರ್ ಮತ್ತು ಲೀ ಸೆಗೆಲ್ ಪ್ರಶ್ನೆಯನ್ನೇ ತಿರುಗಿಸಿದರು. ಎಲ್ಲ ಕೋಶಗಳೂ ಒಂದೇ, ಎಲ್ಲ ಕಡೆ ಸಮವಾಗಿ ಹರಡಿವೆ ಅಂತಲೇ ಇಟ್ಟುಕೊಳ್ಳಿ. ಕೋಶಗಳು ರಾಸಾಯನಿಕ ಬಿಡುವ, ಅದರ ಕಡೆ ಸೆಳೆಯಲ್ಪಡುವ ಬಲ ಒಂದು ಮಿತಿ ದಾಟಿದರೆ ಆ ಸಮ ಹರಡುವಿಕೆ ತಾನಾಗಿ ಮುರಿದು ಬೀಳುತ್ತದೆ. ಸುಮ್ನೆ ಎಲ್ಲೋ ನಾಲ್ಕು ಕೋಶ ಹೆಚ್ಚಾದರೆ ಸಾಕು, ಅಲ್ಲಿ ರಾಸಾಯನಿಕ ಜಾಸ್ತಿ, ಅದಕ್ಕೆ ಇನ್ನಷ್ಟು ಕೋಶ, ಇನ್ನಷ್ಟು ರಾಸಾಯನಿಕ. ನಾಯಕ ಬೇಡವೇ ಬೇಡ.

ನನಗೆ ಈ ಪೇಪರ್ ತುಂಬ ಇಷ್ಟ. ಹಿಂದೆ 1952ರಲ್ಲಿ ಅಲನ್ ಟ್ಯೂರಿಂಗ್ ಎರಡು ರಾಸಾಯನಿಕಗಳು ಬೇರೆ ಬೇರೆ ವೇಗದಲ್ಲಿ ಹರಡಿದರೆ ಸಮವಾದ ಜಾಗದಲ್ಲಿ ಪಟ್ಟೆ, ಚುಕ್ಕೆ ಮೂಡಬಹುದು ಅಂತ ತೋರಿಸಿದ್ದರು. ಅಲ್ಲಿ ಕೋಶಗಳು ಕುಳಿತಲ್ಲೇ ಇರುತ್ತವೆ. ಇಲ್ಲಿ ಕೋಶಗಳೇ ನಡೆಯುತ್ತವೆ, ಅದೇ ಹೊಸದು. ಆರು ನಿಮಿಷದ ಅಲೆ ಮೊದಲ ಸಮೀಕರಣಗಳಲ್ಲಿ ಇರಲಿಲ್ಲ, ಅದು ನಂತರ ಸೇರಿತು. ಸುರುಳಿ ಅಲೆ ಬೆಲೊಸೊವ್–ಜಾಬೊಟಿನ್ಸ್ಕಿ ರಾಸಾಯನಿಕ ಕ್ರಿಯೆಯಲ್ಲೂ ಬರುತ್ತದೆ, ಲಯ ತಪ್ಪಿದ ಹೃದಯದ ಸ್ನಾಯುವಿನಲ್ಲೂ ಬರುತ್ತದೆ. ಗಣಿತ ಹೆಚ್ಚುಕಡಿಮೆ ಒಂದೇ.

2010ರಲ್ಲಿ ಥಾಮಸ್ ಗ್ರೆಗರ್ ತಂಡ ಒಂದೊಂದು ಕೋಶದೊಳಗಿನ ಸೈಕ್ಲಿಕ್ ಎಎಂಪಿಯನ್ನು ಬೆಳಕಾಗಿ ಕಾಣುವಂತೆ ಮಾಡಿ ನೋಡಿತು. ಮಿಡಿತ ಶುರುವಾಗುವುದು ಗುಂಪಿನ ದಟ್ಟಣೆ ಮೇಲೆ ನಿಂತಿದೆ. ಹೊರಗೆ ಸ್ವಲ್ಪ ಸ್ವಲ್ಪ ಸೇರಿಕೊಂಡ ರಾಸಾಯನಿಕ ಒಂದು ಮಟ್ಟ ಮುಟ್ಟಿದಾಗ ಕೋಶಗಳು ಒಟ್ಟಿಗೆ ಮಿಡಿಯತೊಡಗುತ್ತವೆ. ಖಾಯಂ ನಾಯಕ ಇಲ್ಲ.

ಆದರೆ ನಿಮ್ಮ ಕ್ಲಾಸಿನವರ ಮಾತು ಎಲ್ಲ ಜಾತಿಗೂ ಸುಳ್ಳಲ್ಲ. ಪಾಲಿಸ್ಫಾಂಡಿಲಿಯಂ ವಯೊಲೇಸಿಯಂನಲ್ಲಿ ಒಂದು ಕೋಶ ನಡೆಯುವುದು ನಿಲ್ಲಿಸಿ ದುಂಡಗಾಗಿ ಕೂರುತ್ತದೆ, ಸುತ್ತಲಿನವು ಅದರ ಕಡೆ ಬರುತ್ತವೆ. ಷಾಫರ್ 1961ರಲ್ಲಿ ಇದನ್ನು ವಿವರಿಸಿದ್ದಾರೆ. ಆ ಜಾತಿಯ ಕರೆ ಸೈಕ್ಲಿಕ್ ಎಎಂಪಿ ಅಲ್ಲ, ಗ್ಲೋರಿನ್ ಅಂತ ಬೇರೆಯೇ ಅಣು. ಅದರ ರಚನೆಯನ್ನು 1982ರಲ್ಲಿ ಕಂಡುಹಿಡಿದವರಲ್ಲಿ ಒಬ್ಬರು ಒಸಾಮು ಶಿಮೊಮುರಾ, ಹಸಿರು ಹೊಳೆಯುವ ಪ್ರೋಟೀನಿಗೆ 2008ರಲ್ಲಿ ನೊಬೆಲ್ ಪಡೆದವರು.

ಟ್ಯೂರಿಂಗ್ ಮಾದರಿ ಚೆನ್ನಾಗಿ ಹೊಂದುವುದನ್ನು ನೋಡಬೇಕಿದ್ದರೆ ಪಾಲಿಸ್ಫಾಂಡಿಲಿಯಂ ಪ್ಯಾಲಿಡಂ ಬೆಳೆಸಿ. ಅದು ಮೇಲೇಳುವಾಗ ದಂಟಿನ ಉದ್ದಕ್ಕೂ ಸಣ್ಣ ಸಣ್ಣ ಉಂಡೆ ಬಿಟ್ಟು ಹೋಗುತ್ತದೆ. ಒಂದೊಂದು ಉಂಡೆಯಿಂದ ಸುತ್ತಲೂ ಸಮಾನ ಅಂತರದಲ್ಲಿ ಕವಲು ಏಳುತ್ತದೆ. ಉಂಡೆ ದೊಡ್ಡದಾದರೆ ಕವಲು ಹೆಚ್ಚು, ಅಂತರ ಬದಲಾಗುವುದಿಲ್ಲ. 1980ರ ದಶಕದಲ್ಲಿ ಎಡ್ವರ್ಡ್ ಕಾಕ್ಸ್ ತಂಡ ಅಳೆದು ನೋಡಿದ್ದು ಇದನ್ನೇ.

ಹಳೇ ಮೈಕ್ರೋಸ್ಕೋಪ್ (ಉಡುಪಿ):

ಎರಡನೇ ಪ್ರಶ್ನೆಗೆ ಈಗ ಕೂತು ಬರೆಯುತ್ತೇನೆ, ಅದೇ ನಿಜವಾದ ಗಂಟು.

ಡಿಸ್ಕಾಯ್ಡಿಯಂ ಅನ್ನು ಅಮೆರಿಕದ ನಾರ್ತ್ ಕ್ಯಾರೊಲೈನಾದ ಕಾಡಿನ ತರಗೆಲೆಯಿಂದ 1933ರಲ್ಲಿ ಬೇರ್ಪಡಿಸಿದವರು ಕೆನೆತ್ ರೇಪರ್. 1940ರಲ್ಲಿ ಅವರೇ ಸ್ಲಗ್ಗನ್ನು ತುಂಡು ಮಾಡಿ ನೋಡಿದರು. ಹಿಂದಿನ ತುಂಡು ಸ್ವಲ್ಪ ಹೊತ್ತು ನಿಂತು ಹೊಸ ತುದಿ ಮೂಡಿಸಿಕೊಂಡು, ಸಣ್ಣದಾದರೂ ಸರಿಯಾದ ದಂಟು, ಸರಿಯಾದ ಬೀಜಕದ ತಲೆ ಎರಡನ್ನೂ ಮಾಡಿತು. ಮುಂದಿನ ತುಂಡು ಕೂಡಲೇ ಎದ್ದರೆ ಹೆಚ್ಚಾಗಿ ದಂಟೇ, ಬೀಜಕ ಕಡಿಮೆ. ಆದರೆ ಎದ್ದೇಳುವ ಮೊದಲು ತೆವಳಲು ಸಾಕಷ್ಟು ಸಮಯ ಸಿಕ್ಕಿದರೆ ಅದೂ ಲೆಕ್ಕ ಸರಿ ಮಾಡಿಕೊಂಡಿತು. ಅಂದರೆ ದಂಟಿನ ದಾರಿ ಹಿಡಿದ ಕೋಶವೂ ಬೀಜಕದ ಕಡೆ ಹೊರಳಬಲ್ಲದು. ಹಣೆಬರಹ ಬರೆದಾಗಿದೆ, ಆದರೆ ಅಳಿಸಿ ಬರೆಯಬಹುದು.

ಇದನ್ನು ನೋಡಿದವರಿಗೆ ಮೊದಲು ಹೊಳೆಯುವುದು ಜಾಗದ ಲೆಕ್ಕ. ಮುಂದೆ ಇದ್ದವು ದಂಟು, ಹಿಂದೆ ಇದ್ದವು ಬೀಜಕ, ತುದಿಯಿಂದ ಏನೋ ರಾಸಾಯನಿಕ ಇಳಿಮುಖವಾಗಿ ಹರಡಿ ಕೋಶಗಳಿಗೆ ಅವುಗಳ ಜಾಗ ತಿಳಿಸುತ್ತದೆ ಅಂತ. ಕೇಳಲು ಚೆಂದ. ಡಿಸ್ಕಾಯ್ಡಿಯಂನಲ್ಲಿ ಆಗುವುದು ಮುಖ್ಯವಾಗಿ ಹಾಗಲ್ಲ. ಗುಡ್ಡೆಯ ಹಂತದಲ್ಲೇ ಎರಡು ಬಗೆಯ ಕೋಶಗಳು ಅಲ್ಲೊಂದು ಇಲ್ಲೊಂದು ಬೆರೆತುಕೊಂಡು ಹುಟ್ಟುತ್ತವೆ. ಆಮೇಲೆ ದಂಟಿನವು ನಡೆದುಕೊಂಡು ಮೇಲೆ ಬಂದು ತುದಿ ಆಗುತ್ತವೆ. ಮೊದಲು ಬಗೆ, ನಂತರ ಜಾಗ.

ಹಾಗಾದರೆ ಬಗೆ ಹೇಗೆ ಬಂತು? ಡಿಎನ್‌ಎ ಒಂದೇ ಇರಬಹುದು, ಆದರೆ ಹಸಿವು ಶುರುವಾದ ಗಳಿಗೆಯಲ್ಲಿ ಎಲ್ಲ ಕೋಶಗಳ ಸ್ಥಿತಿ ಒಂದೇ ಇರುವುದಿಲ್ಲ. ಒಂದು ಈಗಷ್ಟೇ ಇಬ್ಭಾಗ ಆಗಿರುತ್ತದೆ, ಇನ್ನೊಂದು ಇಬ್ಭಾಗಕ್ಕೆ ತಯಾರಾಗಿರುತ್ತದೆ. ಮೊದಲನೆಯದು ದಂಟಿನ ಕಡೆ ವಾಲುತ್ತದೆ, ಎರಡನೆಯದು ಬೀಜಕದ ಕಡೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ವಿದ್ಯಾನಂದ ನಂಜುಂಡಯ್ಯ ಅವರ ತಂಡ 1994ರಲ್ಲಿ ತೋರಿಸಿದ್ದು ಕ್ಯಾಲ್ಸಿಯಂ ಬಗ್ಗೆ. ಇನ್ನೂ ತಿನ್ನುತ್ತಾ ಓಡಾಡುತ್ತಿರುವ ಅಮೀಬಾಗಳಲ್ಲೇ ಒಳಗೆ ಕ್ಯಾಲ್ಸಿಯಂ ಹೆಚ್ಚು ಇಟ್ಟುಕೊಂಡವು, ಕಡಿಮೆ ಇಟ್ಟುಕೊಂಡವು ಅಂತ ಇರುತ್ತವೆ. ಹೆಚ್ಚಿನವು ಮುಂದೆ ದಂಟಾಗುವ ಸಾಧ್ಯತೆ ಜಾಸ್ತಿ. ಇಷ್ಟು ಹತ್ತಿರದಲ್ಲಿ, ನಮ್ಮದೇ ರಾಜ್ಯದಲ್ಲಿ ಆದ ಕೆಲಸ ಇದು. ನಿಮ್ಮ ಪ್ರಾಜೆಕ್ಟ್‌ನಲ್ಲಿ ಇದರ ಬಗ್ಗೆ ಖಂಡಿತ ಬರೆಯಿರಿ.

ನನ್ನ ಮಟ್ಟಿಗೆ ಇದರಲ್ಲೆಲ್ಲ ಅತಿ ಮುಖ್ಯವಾದ ಪ್ರಯೋಗ 1973ರದ್ದು. ಗ್ಲೂಕೋಸ್ ಹಾಕಿ ಬೆಳೆಸಿದ ಅಮೀಬಾ, ಹಾಕದೆ ಬೆಳೆಸಿದ ಅಮೀಬಾ, ಎರಡನ್ನೂ ಬೆರೆಸಿದಾಗ ಚೆನ್ನಾಗಿ ಉಂಡವು ಹೆಚ್ಚಾಗಿ ಬೀಜಕಕ್ಕೆ ಹೋದವು, ಉಳಿದವು ದಂಟಿಗೆ. ಆದರೆ ಅದೇ ಗ್ಲೂಕೋಸ್ ಇಲ್ಲದವನ್ನು ಮಾತ್ರ ಬೇರೆ ಇಟ್ಟರೆ? ಅವು ಎಲ್ಲ ದಂಟಾಗಲಿಲ್ಲ, ಮಾಮೂಲಿನಂತೆ ಎರಡೂ ಆದವು. ಹಾಗಾಗಿ ಒಂದು ಕೋಶ ಏನಾಗುತ್ತದೆ ಅನ್ನುವುದು ಅದರೊಳಗೆ ಏನಿದೆ ಅನ್ನುವುದರ ಮೇಲಷ್ಟೇ ನಿಂತಿಲ್ಲ, ಪಕ್ಕದವುಗಳಿಗೆ ಹೋಲಿಸಿದರೆ ಎಷ್ಟಿದೆ ಅನ್ನುವುದರ ಮೇಲೆ ನಿಂತಿದೆ.

ಹೋಲಿಸಲು ಸುದ್ದಿ ಬೇಕಲ್ಲ. ಅದರಲ್ಲಿ ಒಂದು ಡಿಐಎಫ್-1, ಕ್ಲೋರಿನ್ ಇರುವ ಸಣ್ಣ ಅಣು. ಅದನ್ನು ತಯಾರಿಸುವುದು ಬೀಜಕದ ದಾರಿಯ ಕೋಶಗಳು, ಅದು ತಳ್ಳುವುದು ದಂಟಿನ ಕಡೆಗೆ, ಒಡೆದು ಹಾಕುವುದು ದಂಟಿನ ಕೋಶಗಳು. ಈಗ ನೋಡಿ. ಬೀಜಕದವು ಹೆಚ್ಚಾದರೆ ಡಿಐಎಫ್ ಹೆಚ್ಚುತ್ತದೆ, ಕೆಲವು ದಂಟಿನ ಕಡೆ ಹೊರಳುತ್ತವೆ. ದಂಟಿನವು ಹೆಚ್ಚಾದರೆ ಅದು ಬೇಗ ಒಡೆದುಹೋಗುತ್ತದೆ, ಹೊರಳುವುದು ನಿಲ್ಲುತ್ತದೆ. ಎಷ್ಟು ಕೋಶ ಅಂತ ಯಾರೂ ಎಣಿಸಬೇಕಾಗಿಲ್ಲ, ಅನುಪಾತ ತಾನಾಗಿ ನಿಲ್ಲುತ್ತದೆ. ಕೆಲವು ನೂರು ಕೋಶಗಳ ಗುಂಪಿನಿಂದ ಲಕ್ಷ ಕೋಶಗಳ ಗುಂಪಿನ ತನಕ ಹೆಚ್ಚುಕಡಿಮೆ ಅದೇ ಲೆಕ್ಕ ಬರುವುದಕ್ಕೆ ಇಂಥ ವ್ಯವಸ್ಥೆಯೇ ಕಾರಣ. ಇದೊಂದೇ ಅಣು ಎಲ್ಲ ಮಾಡುತ್ತದೆ ಅಂತ ಬರೆಯಬೇಡಿ. ಡಿಐಎಫ್ ಮಾಡಲಾಗದ ತಳಿಯಲ್ಲೂ ತುದಿಯ ದಂಟಿನ ಕೋಶಗಳು ಹುಟ್ಟುತ್ತವೆ, ಅವುಗಳ ಹಿಂದಿನ ಇನ್ನೊಂದು ಬಗೆಯ ದಂಟಿನ ಕೋಶಗಳು ಮಾತ್ರ ತಪ್ಪಿಹೋಗುತ್ತವೆ.

ಗುಂಪಿನ ಗಾತ್ರಕ್ಕೆ ಬೇರೆಯೇ ಲೆಕ್ಕ ಇದೆ. ಅಮೀಬಾಗಳು ಕೌಂಟಿಂಗ್ ಫ್ಯಾಕ್ಟರ್ ಅನ್ನುವ ಪ್ರೋಟೀನ್ ಗೊಂಚಲನ್ನು ಹೊರಗೆ ಬಿಡುತ್ತವೆ. ಕೋಶ ಹೆಚ್ಚಿದ್ದಷ್ಟು ಅದರ ಮಟ್ಟ ಹೆಚ್ಚು, ಆಗ ಹರಿದು ಬರುವ ಸಾಲುಗಳು ತುಂಡು ತುಂಡಾಗುತ್ತವೆ. ಅದು ಇಲ್ಲದ ತಳಿಯಲ್ಲಿ ಗುಂಪು ಅತಿಯಾಗಿ ದೊಡ್ಡದಾಗುತ್ತದೆ.

ನೇತ್ರಾವತಿ ದಂಡೆ:

ಇಬ್ಬರಿಗೂ ತುಂಬ ತುಂಬ ಥ್ಯಾಂಕ್ಸ್. ಪಕ್ಕದವರಿಗೆ ಹೋಲಿಸಿದರೆ ಅನ್ನುವ ಮಾತು ಓದಿ ಅರ್ಧ ಗೊಂದಲ ಹೋಯಿತು. ಸ್ಲಗ್ ಕತ್ತರಿಸುವ ಪ್ರಯೋಗ ನಾನೂ ಮಾಡಬಹುದಾ? ನನ್ನ ಹತ್ತಿರ ಕೋಶಗಳಿಗೆ ಹಾಕುವ ನ್ಯೂಟ್ರಲ್ ರೆಡ್ ಬಣ್ಣ ಇದೆ. ಲ್ಯಾಬ್‌ನಲ್ಲಿ ಎಸಿ ಎಲ್ಲ ಹೊತ್ತೂ ಇರುವುದಿಲ್ಲ. ಮತ್ತೆ ಆ ಎಳೆ ಎಂತದು ಅಂತ ಯಾರೂ ಹೇಳಲಿಲ್ಲ.

ಹಳೇ ಮೈಕ್ರೋಸ್ಕೋಪ್ (ಉಡುಪಿ):

ಎಳೆಯ ವಿಷಯವೇ ಇಲ್ಲಿ ಮುಖ್ಯ. ನೇರಳೆ ತಲೆ, ತೆವಳುವಾಗ ಹಿಂದೆ ಎಳೆ, ಎರಡೂ ಸೇರಿದರೆ ನಿಮ್ಮದು ಡಿಸ್ಕಾಯ್ಡಿಯಂ ಅಲ್ಲ. ಡಿಕ್ಟಿಯೊಸ್ಟೀಲಿಯಂ ಪರ್ಪ್ಯೂರಿಯಂ ಇರಬಹುದು, ಬೀಜಕ ನೋಡಿ ಖಚಿತ ಮಾಡಿಕೊಳ್ಳಿ. ಆ ಎಳೆ ದಂಟೇ. ಡಿಸ್ಕಾಯ್ಡಿಯಂ ದಂಟಿಲ್ಲದೆ ತೆವಳಿ ಕೊನೆಗೆ ಒಂದೇ ಸಲ ದಂಟು ಕಟ್ಟುತ್ತದೆ. ನಿಮ್ಮದು ಹೊರಟಲ್ಲಿಂದಲೇ ದಂಟು ಕಟ್ಟಿಕೊಂಡು ಹೋಗುತ್ತದೆ. ಹಾಗಾದರೆ ಮುಂದಿನ ಕೋಶಗಳು ದಾರಿಯುದ್ದಕ್ಕೂ ದಂಟಾಗಿ ಖರ್ಚಾಗುತ್ತಲೇ ಇರಬೇಕು, ಹಿಂದಿನವು ಬೀಜಕದ ದಾರಿ ಬಿಟ್ಟು ಮುಂದೆ ಬಂದು ಆ ಜಾಗ ತುಂಬುತ್ತಲೇ ಇರಬೇಕು. ನೀವು ಕೇಳಿದ ಪ್ರಶ್ನೆ ಈ ಜಾತಿಯಲ್ಲಿ ಪ್ರತಿ ಗಂಟೆಯೂ ಹೊಸದಾಗಿ ಏಳುತ್ತದೆ. ಜಾಸ್ತಿ ದೂರ ತೆವಳಿದ್ದಕ್ಕೆ ಬೀಜಕದ ತಲೆ ಸಣ್ಣದಾಗಿರುತ್ತದೆಯೇ ಅಂತ ಅಳೆದರೆ ಅದೇ ಒಂದು ಒಳ್ಳೆಯ ಪ್ರಾಜೆಕ್ಟ್.

ಕತ್ತರಿಸುವುದು ಸಾಧ್ಯ. ಆಹಾರ ಇಲ್ಲದ ಬರೀ ನೀರಿನ ಅಗಾರ್ ಮೇಲೆ, ಕತ್ತಲ ಡಬ್ಬದಲ್ಲಿ ಒಂದು ಕಡೆ ಸಣ್ಣ ತೂತು ಮಾಡಿ ಇಡಿ. ಸ್ಲಗ್‌ಗಳು ಬೆಳಕಿನ ಕಡೆ ನೇರ ತೆವಳುತ್ತವೆ. ಡಿಸ್ಕಾಯ್ಡಿಯಂಗೆ 22 ಡಿಗ್ರಿ ಹಿತ, ನಮ್ಮ ಸೆಕೆಯಲ್ಲಿ ಎಸಿ ಇಲ್ಲದೆ ಕಷ್ಟ. ಕಾಡಿನ ಮಣ್ಣಿನ ನಿಮ್ಮ ತಳಿ ಸ್ವಲ್ಪ ಹೆಚ್ಚು ಶಾಖ ತಡೆಯಬಹುದು. ಆದರೂ ಪ್ಲೇಟ್ ಒಣಗದಂತೆ ನೋಡಿಕೊಳ್ಳಿ. ಸಪೂರ ಸೂಜಿಯಿಂದ ಅಡ್ಡ ಒತ್ತಿದರೆ ಸಾಕು, ಎಳೆಯಬೇಡಿ.

ನ್ಯೂಟ್ರಲ್ ರೆಡ್ ಅನ್ನು ಹಸಿವಿನ ಶುರುವಿನಲ್ಲೇ, ತುಂಬ ತೆಳುವಾಗಿ ಹಾಕಿ. ಬಣ್ಣ ಹೆಚ್ಚು ಹಿಡಿಯುವುದು ದಂಟಿನ ದಾರಿಯ ಕೋಶಗಳು. ಸ್ಲಗ್‌ನ ಮುಂಭಾಗ ಕೆಂಪಾಗಿ ಕಾಣುತ್ತದೆ. ಹಿಂಭಾಗವನ್ನು ದೊಡ್ಡ ಪವರ್‌ನಲ್ಲಿ ನೋಡಿದರೆ ಅದು ಪೂರ್ತಿ ಬಿಳಿಯಲ್ಲ, ನಡುನಡುವೆ ಕೆಂಪು ಚುಕ್ಕೆಗಳು. ಮುಂದಿನವುಗಳಂತೆಯೇ ಇದ್ದು ಹಿಂದೆ ಉಳಿದ ಕೋಶಗಳು ಅವು. ಮುಂಭಾಗ ಕತ್ತರಿಸಿದ ಮೇಲೆ ಹಿಂದಿನ ತುಂಡನ್ನು ಬಿಡದೆ ನೋಡುತ್ತಿರಿ. ಹೊಸ ತುದಿ ಮೊದಲು ಆಗುವುದು ಆ ಚುಕ್ಕೆಗಳು ನಡೆದು ಬಂದು ಸೇರುವುದರಿಂದ, ಬಿಳಿ ಕೋಶ ಕೆಂಪಾಗಿ ಬದಲಾಗುವುದು ಅದರ ನಂತರದ ಕೆಲಸ. ಡಿಸ್ಕಾಯ್ಡಿಯಂನಲ್ಲಿ ಇದು 1980ರ ದಶಕದ ಶುರುವಿನಲ್ಲೇ ಗೊತ್ತಾಗಿದೆ. ನಿಮ್ಮ ಎಳೆ ಬಿಡುವ ತಳಿಯಲ್ಲಿ ಹೇಗೆ ಅಂತ ನೀವೇ ಹೇಳಬೇಕು.

ಸುರತ್ಕಲ್ ಗಣಿತ:

ವಿಡಿಯೊ ಮಾಡಿದರೆ ಇಂತಿಷ್ಟು ಸೆಕೆಂಡಿಗೆ ಒಂದು ಚಿತ್ರ ಅಂತ ಸಮಯ ಸರಿಯಾಗಿ ಇಟ್ಟುಕೊಳ್ಳಿ, ಪಕ್ಕದಲ್ಲಿ ಒಂದು ಸ್ಕೇಲ್ ಕೂಡ ಇರಲಿ. ಚುಕ್ಕೆಗಳ ವೇಗ ಅಳೆಯಲು ನಾನು ಪ್ರೋಗ್ರಾಂ ಬರೆದು ಕೊಡುತ್ತೇನೆ.

ಇನ್ನೊಂದು ವಿಷಯ. ಹಾಡಿಯ ಮಣ್ಣಿನಿಂದ ನೇರ ಬಂದ ಪ್ಲೇಟಿನಲ್ಲಿ ಅಮೀಬಾಗಳೆಲ್ಲ ಒಂದೇ ವಂಶದವು ಅಂತ ಅಂದುಕೊಳ್ಳಬೇಡಿ. ನಂಜುಂಡಯ್ಯನವರ ತಂಡವೇ ಮುದುಮಲೈ ಕಾಡಿನ ಮಣ್ಣು ಮತ್ತು ಪ್ರಾಣಿಗಳ ಸಗಣಿಯಿಂದ ತಂದ ತಳಿಗಳಲ್ಲಿ ಒಂದೇ ದಂಟಿನ ತಲೆಯಲ್ಲೂ ಬೇರೆ ಬೇರೆ ವಂಶದ ಬೀಜಕ ಇರಬಹುದು ಅಂತ 2010ರಲ್ಲಿ ತೋರಿಸಿದೆ. ವಂಶ ಬೆರೆತಿದ್ದರೆ ದಂಟು ಯಾರು, ಬೀಜಕ ಯಾರು ಅನ್ನುವ ಲೆಕ್ಕವೇ ಬದಲಾಗುತ್ತದೆ. ಹಾಗಾಗಿ ಮೊದಲು ಒಂದು ಬೀಜಕ ಮಾತ್ರ ಎತ್ತಿ ಹೊಸ ಪ್ಲೇಟಿಗೆ ಹಾಕಿ, ಅದರಿಂದ ಬೆಳೆದದ್ದನ್ನೇ ಕತ್ತರಿಸಿ.